ಸ್ಕ್ಯಾನರ್ ರೇಡಿಯೊದ ಧ್ವನಿ ಮುದ್ರಿಸುವಾಗ ಬರುವ ಕರೆಂಟಿನ ಗದ್ದಲ: ಪದೇ ಪದೇ ಕೇಳುವ ಪ್ರಶ್ನೆಗಳು

ಹಲವು ಚಾನಲ್ಲುಗಳನ್ನು ಒಂದಾದ ಮೇಲೊಂದು ಹುಡುಕಿ ಕೇಳಿಸುವ ಸ್ಕ್ಯಾನರ್ ರೇಡಿಯೊದ ಧ್ವನಿಯನ್ನು ಲ್ಯಾಪ್‌ಟಾಪಿಗೋ ರೆಕಾರ್ಡರಿಗೋ ಇಳಿಸಿಕೊಳ್ಳುವ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಹ್ಯಾಮ್‌ಗಳು (ಹವ್ಯಾಸಿ ರೇಡಿಯೊದವರು) ಕೇಳುವ ಪ್ರಶ್ನೆಗಳಿವು. ನಮ್ಮ ಸೀಮೆಯಲ್ಲಿ ಗದ್ದಲಕ್ಕೆ ಬರವಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡಿತಿನಿ ಮತ್ತು ಶಕ್ತಿನಗರದ ಸ್ಥಾವರಗಳಿಂದ ಹೊರಡುವ ಹೈಟೆನ್ಷನ್ ಲೈನು, ಗಂಗಾವತಿ ಮತ್ತು ಸಿಂಧನೂರಿನ ರೈಸ್ ಮಿಲ್ಲು, ಹೊಲದ ತುಂಬ ಪಂಪ್‌ಸೆಟ್ಟು. ಆದರೂ ಮುದ್ರಣ ಕೆಡಿಸುವ ಗದ್ದಲ ಬಹಳ ಸಲ ಹುಟ್ಟುವುದು ನಿಮ್ಮ ಮೇಜಿನ ಮೇಲೆಯೇ, ಸ್ಕ್ಯಾನರ್‌ನಿಂದ ಒಂದು ಮಾರು ದೂರದೊಳಗೆ. ಆದ್ದರಿಂದ ಲೈನನ್ನು ಬೈಯುವ ಮೊದಲು ಮೇಜು ನೋಡಿ.

ಸ್ಪೀಕರಿನಲ್ಲಿ ಚೆನ್ನಾಗಿ ಕೇಳುತ್ತದೆ, ಮುದ್ರಣದಲ್ಲಿ ಮಾತ್ರ ಗುಂಯ್ ಅನ್ನುತ್ತದೆ. ಎಲ್ಲಿಂದ ಶುರು ಮಾಡಲಿ?

ಏನನ್ನೂ ಕೊಳ್ಳದೆ ಶುರು ಮಾಡಿ. ಗದ್ದಲ ಒಳಬರಲು ಮೂರೇ ದಾರಿ: ಆಂಟೆನಾ, ಕರೆಂಟಿನ ತಂತಿ, ಆಡಿಯೊ ತಂತಿ. ಯಾವುದೆಂದು ಗೊತ್ತಾಗದೆ ಫಿಲ್ಟರ್ ಹಾಕಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತೆ.

ರೆಕಾರ್ಡಿಂಗ್ ಒತ್ತಿ, ನಡುವೆ ನಿಲ್ಲಿಸದೆ, ಪ್ರತಿ ಹಂತಕ್ಕೆ ಇಪ್ಪತ್ತು ಸೆಕೆಂಡು ಕೊಡಿ. ಮೊದಲು ರೆಕಾರ್ಡರಿಗೆ ಏನೂ ಚುಚ್ಚಬೇಡಿ. ಆಮೇಲೆ ಆಡಿಯೊ ವೈರನ್ನು ರೆಕಾರ್ಡರಿಗೆ ಚುಚ್ಚಿ, ಇನ್ನೊಂದು ತುದಿಯ ಪಿನ್ನಿನ ಮೂತಿ ಮತ್ತು ಬುಡಕ್ಕೆ ಒಂದು ತುಂಡು ತಂತಿ ಸುತ್ತಿ ಶಾರ್ಟ್ ಮಾಡಿ. ಹಾಗೇ ನೇತಾಡಲು ಬಿಟ್ಟರೆ ಗೋಡೆಯೊಳಗಿನ ವೈರಿಂಗಿನ ಹಮ್ (ಗುಂಯ್ ಅನ್ನುವ ಕರೆಂಟಿನ ಸದ್ದು) ಹಿಡಿದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಮೂರನೆಯದು, ಶಾರ್ಟ್ ತೆಗೆದು ಸ್ಕ್ಯಾನರಿಗೆ ಚುಚ್ಚಿ, ಆದರೆ ಸ್ಕ್ಯಾನರ್ ಆನ್ ಮಾಡಬೇಡಿ. ಅಡಾಪ್ಟರ್ ಮಾತ್ರ ಪ್ಲಗ್ಗಿನಲ್ಲಿರಲಿ. ನಾಲ್ಕನೆಯದು, ಸ್ಕ್ಯಾನರ್ ಆನ್, ವಾಲ್ಯೂಮ್ ಸೊನ್ನೆ. ಐದನೆಯದು, ಆಂಟೆನಾ ಬಿಚ್ಚಿ, ವಾಲ್ಯೂಮ್ ಏರಿಸಿ, ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದನ್ನು ಮುಚ್ಚುವ ಗುಂಡಿ) ತೆರೆಯಿರಿ. ಕೊನೆಗೆ ಆಂಟೆನಾ ಹಾಕಿ.

ಈಗ ಹೆಡ್‌ಫೋನ್ ಹಾಕಿ ಕೇಳಿ. ಮೊದಲ ಹಂತದಲ್ಲೇ ಗದ್ದಲವಿದ್ದರೆ ರೆಕಾರ್ಡರಿನದೇ ತೊಂದರೆ, ಇಲ್ಲವೆ ಅದರ ಚಾರ್ಜರಿನದು. ಎರಡನೆಯದರಲ್ಲಿ ಶುರುವಾದರೆ ವೈರು. ಮೂರು ಅಥವಾ ನಾಲ್ಕರಲ್ಲಿ ಬಂದರೆ ಗ್ರೌಂಡ್ ಲೂಪ್ (ಎರಡು ಉಪಕರಣಗಳ ಗ್ರೌಂಡ್ ಎರಡು ದಾರಿಯಲ್ಲಿ ಕೂಡಿ ಆಗುವ ಸುತ್ತು) ಅಥವಾ ಅಡಾಪ್ಟರ್. ಐದರಲ್ಲಿ ಬರೀ ಸೊಯ್ ಅನ್ನುವ ಶಬ್ದವಿದ್ದರೆ ಅದು ಸಹಜ. ಆರರಲ್ಲಿ ಮಾತ್ರ ಬಂದರೆ ಗದ್ದಲ ಗಾಳಿಯಲ್ಲಿದೆ, ಆಡಿಯೊ ಕಡೆ ಕೈ ಹಾಕಿ ಪ್ರಯೋಜನವಿಲ್ಲ.

ಶಬ್ದ ಕೇಳಿಯೇ ಕಾರಣ ಹೇಳಬಹುದೇ?

ಸುಮಾರಾಗಿ ಹೇಳಬಹುದು. ದಪ್ಪಗೆ, ಮೆತ್ತಗೆ ಗುಂಯ್ ಅಂದರೆ 50 ಹರ್ಟ್ಸ್. ಶೀಲ್ಡ್ (ಹೊರಜಾಲರಿ) ಕಿತ್ತ ವೈರು ಅಥವಾ ಹತ್ತಿರದ ಟ್ರಾನ್ಸ್‌ಫಾರ್ಮರ್. ಗರಗಸ ಎಳೆದಂತೆ ಜರ್ರ್ ಅಂದರೆ 100 ಹರ್ಟ್ಸ್ ಮತ್ತು ಅದರ ಗುಣಕಗಳು; ರೆಕ್ಟಿಫೈಯರ್, ಡಿಮ್ಮರ್, ಗ್ರೌಂಡ್ ಲೂಪ್ ಅಥವಾ ಕಂಬದ ಮೇಲಿನ ಕಿಡಿ. ಲ್ಯಾಪ್‌ಟಾಪಿನ ಮೌಸ್ ಆಡಿಸಿದಾಗ ಬದಲಾಗುವ ಕೀಂ ಶಬ್ದ ಯುಎಸ್‌ಬಿ ದಾರಿಯದು. ಡಿಟ್-ಡಿಟ್-ಡಿಟ್ ಅಂದು ಆಮೇಲೆ ಬರ್ರ್ ಅಂದರೆ ಪಕ್ಕದಲ್ಲಿ 2ಜಿ ಫೋನು. ಅದು ಸೆಕೆಂಡಿಗೆ 217 ಸಲ ಹೊಡೆದುಕೊಳ್ಳುವ ಸದ್ದು. ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟರೆ ಮುಗಿಯಿತು.

ಇನ್ನೊಂದು ಮೋಸದ ಹಮ್ ಇದೆ. ಎಎಂನಲ್ಲಿ ಖಾಲಿ ಚಾನಲ್ ಶುದ್ಧವಾಗಿರುತ್ತದೆ, ಯಾರಾದರೂ ಮಾತಾಡಲು ಶುರು ಮಾಡಿದ ಕೂಡಲೇ ಮಾತಿನ ಜೊತೆಗೇ ಜರ್ರ್ ಬರುತ್ತದೆ. ಅದು ಆಡಿಯೊದಲ್ಲಿ ಹುಟ್ಟಿದ್ದಲ್ಲ. ಅಡಾಪ್ಟರಿನ ಡಯೋಡುಗಳು ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚುವಾಗ ಬರುವ ಸಿಗ್ನಲ್ಲನ್ನೇ ಅಲುಗಾಡಿಸುತ್ತವೆ. ಪ್ರತಿ ಡಯೋಡಿಗೂ ಅಡ್ಡಲಾಗಿ 0.01 ಮೈಕ್ರೋಫ್ಯಾರಡ್ ಡಿಸ್ಕ್ ಕಪಾಸಿಟರ್ ಬೆಸೆದರೆ ಹೋಗುತ್ತದೆ. ಬೆಸುಗೆ ಬರದವರು ಬ್ಯಾಟರಿ ಮೇಲೆ ನಡೆಸಬಹುದು.

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಗದ್ದಲ ಮಾಯ, ಚುಚ್ಚಿದರೆ ಹಾಜರ್. ಚಾರ್ಜರ್ ಕೆಟ್ಟಿದೆಯೇ?

ಕೆಟ್ಟಿರಬೇಕಾಗಿಲ್ಲ. ಸ್ವಿಚಿಂಗ್ ಚಾರ್ಜರ್‌ಗಳಲ್ಲಿ ಮೇನ್ಸ್ ಕಡೆಗೂ ಔಟ್‌ಪುಟ್ ಕಡೆಗೂ ನಡುವೆ ವೈ ದರ್ಜೆಯ ಒಂದು ಸಣ್ಣ ಕಪಾಸಿಟರ್ ಬೇಕೆಂದೇ ಇಟ್ಟಿರುತ್ತಾರೆ. ಅದರ ಮೂಲಕ ಬಹಳ ಸಣ್ಣ ಕರೆಂಟು ಲ್ಯಾಪ್‌ಟಾಪಿನ ಮೈಗೆ ಬರುತ್ತದೆ. ಎರಡು ಪಿನ್ನಿನ ಚಾರ್ಜರ್ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೇಲೆ ಬೆರಳು ಸವರಿದಾಗ ಜುಂ ಅನ್ನುವುದು ಇದೇ. ಆ ಕರೆಂಟಿಗೆ ಭೂಮಿ ಸೇರಲು ದಾರಿ ಬೇಕು. ನೀವು ಆಡಿಯೊ ವೈರ್ ಚುಚ್ಚಿದಾಗ ಅದರ ಶೀಲ್ಡೇ ಆ ದಾರಿಯಾಗುತ್ತದೆ, ಜರ್ರ್ ಕೇಳುತ್ತದೆ.

ಒಂದು ಗಂಟೆಯ ಮುದ್ರಣವಾದರೆ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿ. ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ದಿನವಿಡೀ ಮುದ್ರಿಸುವವರಾದರೆ ಮೂರು ಪಿನ್ನಿನ ಚಾರ್ಜರ್ ಹಾಕಿ, ಸ್ಕ್ಯಾನರಿನ ಅಡಾಪ್ಟರನ್ನೂ ಅದನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿ. ಎರಡು ಗೋಡೆಗಳ ಎರಡು ಸಾಕೆಟ್ಟಿನ ಅರ್ಥ್ ಒಂದೇ ಮಟ್ಟದಲ್ಲಿರುತ್ತದೆಂಬ ಭರವಸೆ ಹಳೆಯ ಮನೆಗಳಲ್ಲಿ ಬೇಡ. ಇಷ್ಟಾದರೂ ಉಳಿದರೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್.

ಅರ್ಥ್ ಪಿನ್ ಮುರಿದರೆ ಹಮ್ ಹೋಗುತ್ತದಂತೆ, ಹೌದೇ?

ಹಮ್ ಹೋಗಬಹುದು, ಜೊತೆಗೆ ನೀವೂ ಹೋಗಬಹುದು. ಅಡಾಪ್ಟರಿನೊಳಗೆ ಒಂದು ಇನ್ಸುಲೇಷನ್ ಸುಟ್ಟರೆ ಫ್ಯೂಸ್ ಹಾರಿಸಬೇಕಾದ ಕರೆಂಟು ನಿಮ್ಮ ಹೆಡ್‌ಫೋನಿಗೆ ಬರುತ್ತದೆ. ಮುರಿಯಬೇಡಿ. ಪಿನ್ನಿಗೆ ಟೇಪ್ ಸುತ್ತುವುದೂ ಅದೇ ತಪ್ಪು.

ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಂದರೆ ಯಾವುದು, ಹೇಗೆ ಜೋಡಿಸಬೇಕು?

ಆಡಿಯೊದ್ದು, ಮೇನ್ಸಿನದಲ್ಲ. 600 ಓಮ್‌ಗೆ 600 ಓಮ್, ಒಂದಕ್ಕೆ ಒಂದು. ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಹೆಸರಿನಲ್ಲಿ ಕಾರ್ ಸ್ಟೀರಿಯೊ ಅಂಗಡಿಯಲ್ಲಿ ಸಿಗುವ ಡಬ್ಬಿಯಲ್ಲೂ ಇಂಥವು ಎರಡು ಇರುತ್ತವೆ. ಗುಜರಿಯಲ್ಲಿ ಹಳೆಯ ಡಯಲಪ್ ಮೋಡೆಮ್ ಕಾರ್ಡ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಲೈನ್ ಟ್ರಾನ್ಸ್‌ಫಾರ್ಮರ್ ಫೋನಿನ ಮಾತಿಗೆಂದೇ ಮಾಡಿದ್ದು. ಸ್ಕ್ಯಾನರಿನ ಮಾತೂ 300ರಿಂದ 3000 ಹರ್ಟ್ಸ್ ಒಳಗೇ ಇರುವುದರಿಂದ ಅಷ್ಟೇ ಸಾಕು. ಬಿಚ್ಚಿ ಮಲ್ಟಿಮೀಟರಿನಲ್ಲಿ ನೋಡಿ: ಒಂದೊಂದು ಸುತ್ತಿಗೂ (ವೈಂಡಿಂಗಿಗೂ) ಹತ್ತಾರು ಓಮ್ ತೋರಿಸಬೇಕು, ಎರಡು ಸುತ್ತುಗಳ ನಡುವೆ ಏನೂ ತೋರಿಸಬಾರದು.

ಸ್ಕ್ಯಾನರಿನಿಂದ ಬರುವ ಎರಡು ತಂತಿ ಒಂದು ಸುತ್ತಿಗೆ, ರೆಕಾರ್ಡರಿಗೆ ಹೋಗುವ ಎರಡು ತಂತಿ ಇನ್ನೊಂದಕ್ಕೆ. ಎಡವುವುದು ಡಬ್ಬಿಯಲ್ಲಿ. ಚೆಂದ ಕಾಣಲೆಂದು ತಗಡಿನ ಡಬ್ಬಿಗೆ ಎರಡೂ ಜ್ಯಾಕ್ ಕೂರಿಸುತ್ತಾರೆ. ಜ್ಯಾಕಿನ ಬುಡ ತಗಡಿಗೆ ತಾಗಿ, ಬಿಡಿಸಿದ ಎರಡು ಗ್ರೌಂಡುಗಳು ಮತ್ತೆ ಒಂದಾಗುತ್ತವೆ. ಟ್ರಾನ್ಸ್‌ಫಾರ್ಮರ್ ಹಾಕಿಯೂ ಏನೂ ಬದಲಾಗಲಿಲ್ಲ ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ. ಪ್ಲಾಸ್ಟಿಕ್ ಡಬ್ಬಿ ಬಳಸಿ. ಅಡಾಪ್ಟರಿನ ಪಕ್ಕ ಇಡಬೇಡಿ, ಅದರ ಕಾಂತಕ್ಷೇತ್ರವನ್ನು ಇದು ಹಿಡಿಯುತ್ತದೆ. ಒಂದು ಅಡಿ ದೂರ ಇಟ್ಟು ಕೈಯಲ್ಲೇ ತಿರುಗಿಸಿ. ಯಾವುದೋ ಒಂದು ಮಗ್ಗುಲಲ್ಲಿ ಹಮ್ ತಟ್ಟನೆ ಇಳಿಯುತ್ತದೆ. ಅಲ್ಲೇ ಟೇಪ್ ಹಾಕಿ.

ಹೆಡ್‌ಫೋನ್ ಜ್ಯಾಕಿನಿಂದ ಮೈಕ್ ಜ್ಯಾಕಿಗೆ ನೇರ ವೈರ್ ಕೊಟ್ಟಿದ್ದೇನೆ. ಧ್ವನಿ ಒಡೆಯುತ್ತದೆ, ವಾಲ್ಯೂಮ್ ಇಳಿಸಿದರೆ ಸೊಯ್ ಹೆಚ್ಚುತ್ತದೆ.

ಹೆಡ್‌ಫೋನ್ ಜ್ಯಾಕ್ ಒಂದು ವೋಲ್ಟಿನ ಆಸುಪಾಸು ಕೊಡುತ್ತದೆ. ಮೈಕ್ ಜ್ಯಾಕ್ ಬಯಸುವುದು ಕೆಲವೇ ಮಿಲಿವೋಲ್ಟು. ವಾಲ್ಯೂಮನ್ನು ತಳಕ್ಕೆ ಇಳಿಸಿದಾಗ ಮಾತು ಇಳಿಯುತ್ತದೆಯೇ ಹೊರತು ಸ್ಕ್ಯಾನರಿನ ಆಂಪ್ಲಿಫೈಯರಿನ ಸ್ವಂತ ಸೊಯ್ ಇಳಿಯುವುದಿಲ್ಲ, ವೈರು ಹಿಡಿಯುವ ಹಮ್ಮೂ ಇಳಿಯುವುದಿಲ್ಲ. ಮೈಕ್ ಜ್ಯಾಕ್ ಎಲ್ಲವನ್ನೂ ಸಮಾನವಾಗಿ ಉಬ್ಬಿಸುತ್ತದೆ.

ಕಾಲು ವಾಟಿನ ಎರಡು ರೆಸಿಸ್ಟರ್ ಸಾಕು. 10 ಕಿಲೋ ಓಮ್ ಒಂದನ್ನು ಸಿಗ್ನಲ್ ತಂತಿಯಲ್ಲಿ ಸಾಲಾಗಿ, ಅದರಾಚೆ 100 ಓಮ್ ಒಂದನ್ನು ಸಿಗ್ನಲ್ಲಿಗೂ ಗ್ರೌಂಡಿಗೂ ಅಡ್ಡಲಾಗಿ. ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ, ಅಂದರೆ 40 ಡಿಬಿ ಇಳಿಕೆ. ಲೈನ್-ಇನ್ ಜ್ಯಾಕ್ ಇರುವ ರೆಕಾರ್ಡರಾದರೆ 100 ಓಮ್ ಬದಲು 1 ಕಿಲೋ ಓಮ್ ಹಾಕಿ, 21 ಡಿಬಿ ಇಳಿಯುತ್ತದೆ.

ಇವನ್ನು ವೈರಿನ ಯಾವ ತುದಿಗೆ ಹಾಕುತ್ತೀರಿ ಎಂಬುದರಲ್ಲೇ ಅರ್ಧ ಗುಟ್ಟಿದೆ. ರೆಕಾರ್ಡರಿನ ತುದಿಗೆ, ಸಾಧ್ಯವಾದರೆ ಪಿನ್ನಿನ ಟೋಪಿಯೊಳಗೇ ಹಾಕಿ. ಆಗ ವೈರಿನ ಉದ್ದಕ್ಕೂ ಮಾತು ಗಟ್ಟಿಯಾಗಿ ಹರಿಯುತ್ತದೆ, ದಾರಿಯಲ್ಲಿ ಹತ್ತಿದ ಹಮ್ ಕೂಡ ಕೊನೆಯಲ್ಲಿ 40 ಡಿಬಿ ಇಳಿಯುತ್ತದೆ. ಸ್ಕ್ಯಾನರಿನ ತುದಿಗೆ ಹಾಕಿದರೆ ಬಡಕಲು ಸಿಗ್ನಲ್ ಅಷ್ಟು ಉದ್ದ ವೈರಿನಲ್ಲಿ ಹಮ್ಮಿನ ಜೊತೆ ಹೋಗಬೇಕು. ಸ್ಕ್ಯಾನರಿನ ವಾಲ್ಯೂಮನ್ನು ಅರ್ಧದ ಹತ್ತಿರ ಇಟ್ಟು ಅಲ್ಲೇ ಗುರುತು ಹಾಕಿ.

ಬಹಳಷ್ಟು ಮೈಕ್ ಜ್ಯಾಕ್‌ಗಳು ಮೈಕಿಗೆಂದು ಎರಡರಿಂದ ಐದು ವೋಲ್ಟ್ ಡಿಸಿ ಹೊರಗೆ ಕಳಿಸುತ್ತವೆ. ಮೀಟರಿನಲ್ಲಿ ಡಿಸಿ ಕಂಡರೆ 100 ಓಮ್ ಮತ್ತು ಜ್ಯಾಕಿನ ಮೂತಿಯ ನಡುವೆ 1 ಮೈಕ್ರೋಫ್ಯಾರಡ್ ಕಪಾಸಿಟರ್ ಸೇರಿಸಿ. ಎಲೆಕ್ಟ್ರೋಲಿಟಿಕ್ ಆದರೆ ಪ್ಲಸ್ ರೆಕಾರ್ಡರಿನ ಕಡೆಗಿರಲಿ.

ಮೊಬೈಲಿನಲ್ಲೇ ಮುದ್ರಿಸಬಹುದೇ?

ಬಹುದು. ಆದರೆ ಮೊಬೈಲಿನ ಜ್ಯಾಕಿಗೆ ನಾಲ್ಕು ಉಂಗುರದ ಪಿನ್ ಬೇಕು. ಈಗಿನ ಫೋನುಗಳಲ್ಲಿ ಬುಡದ ಭಾಗ ಮೈಕ್, ಅದರ ಮೇಲಿನದು ಗ್ರೌಂಡ್. ಮೂರು ಉಂಗುರದ ಸಾದಾ ಪಿನ್ ಚುಚ್ಚಿದರೆ ಮೈಕ್ ಗ್ರೌಂಡಿಗೆ ಶಾರ್ಟ್ ಆಗುತ್ತದೆ, ಫೋನು ತನ್ನ ಒಳಗಿನ ಮೈಕಿನಲ್ಲೇ ಮುದ್ರಿಸುತ್ತದೆ. ಎಷ್ಟೋ ಜನ ತಿಂಗಳಾನುಗಟ್ಟಲೆ ಫ್ಯಾನಿನ ಸದ್ದನ್ನೇ ಕರೆಂಟಿನ ಗದ್ದಲ ಅಂದುಕೊಂಡಿರುವುದು ಹೀಗೆ. ಚಪ್ಪಾಳೆ ತಟ್ಟಿ ನೋಡಿ. ಮುದ್ರಣದಲ್ಲಿ ಕೇಳಿದರೆ ವೈರು ಲೆಕ್ಕಕ್ಕೇ ಇಲ್ಲ. ಮೇಲೆ ಹೇಳಿದ 100 ಓಮ್ ರೆಸಿಸ್ಟರ್ ಕಪಾಸಿಟರಿನ ಹಿಂದೆ ಇರುವುದರಿಂದ ಫೋನಿಗೆ ಮೈಕ್ ಇದೆ ಅನ್ನಿಸಲು ಮೈಕ್ ಮತ್ತು ಗ್ರೌಂಡಿನ ನಡುವೆ 2.2 ಕಿಲೋ ಓಮ್ ಒಂದನ್ನು ಸೇರಿಸಿ. ಈ ರಗಳೆ ಬೇಡವಾದರೆ ಮೈಕ್ ಜ್ಯಾಕ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಿ.

ವಾಹನದ ರೇಡಿಯೊ, ಹಿಂದೆ ಸ್ಪೀಕರ್ ವೈರ್ ಮಾತ್ರ ಇದೆ. ಅಲ್ಲಿಂದ ತೆಗೆಯಬಹುದೇ?

ಮೊದಲು ಮೀಟರ್ ಇಡಿ. ಸ್ಪೀಕರಿನ ಎರಡೂ ತಂತಿಗೂ ರೇಡಿಯೊದ ಮೈಗೂ ನಡುವೆ ಸರಬರಾಜಿನ ಅರ್ಧದಷ್ಟು ಡಿಸಿ, ಸುಮಾರು 6 ವೋಲ್ಟ್, ತೋರಿಸಿದರೆ ಅದು ಬ್ರಿಡ್ಜ್ ಆಂಪ್ಲಿಫೈಯರ್. ಅದರಲ್ಲಿ ಯಾವ ತಂತಿಯೂ ಗ್ರೌಂಡ್ ಅಲ್ಲ. ರೆಕಾರ್ಡರಿನ ಗ್ರೌಂಡ್ ತಾಗಿಸಿದರೆ ಐಸಿ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಮೂಲಕ ಮಾತ್ರ ತೆಗೆಯಿರಿ, ಅದರ ಮೊದಲು ಸಾಲಾಗಿ 1 ಕಿಲೋ ಓಮ್ ಇರಲಿ.

ಅಡಾಪ್ಟರ್ ಬದಲು ಏನು ಬಳಸಲಿ?

12 ವೋಲ್ಟಿನ ಸ್ಕ್ಯಾನರಾದರೆ ಯುಪಿಎಸ್‌ನಲ್ಲಿ ಇರುವಂಥ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ. 300 ಮಿಲಿಆಂಪ್ ಎಳೆಯುವ ಸೆಟ್ಟು ಬ್ಯಾಟರಿಯನ್ನು ಅರ್ಧ ಮಾತ್ರ ಖಾಲಿ ಮಾಡುವಂತೆ ನಡೆಸಿದರೂ ಹನ್ನೊಂದು ತಾಸು ಓಡುತ್ತದೆ. ಪ್ಲಸ್ ತುದಿಯಿಂದ ನಾಲ್ಕು ಬೆರಳಿನೊಳಗೆ 1 ಆಂಪ್ ಫ್ಯೂಸ್ ಕಡ್ಡಾಯ. ಚಾರ್ಜಿಗೆ ಹಾಕಿಕೊಂಡೇ ಮುದ್ರಿಸಿದರೆ ಚಾರ್ಜರಿನ ಗದ್ದಲವೇ ಬರುತ್ತದೆ. ಕೈ ಸೆಟ್ಟುಗಳಿಗೆ 5 ಅಥವಾ 6 ವೋಲ್ಟ್ ಬೇಕಾಗಬಹುದು. ಸೆಟ್ಟಿನ ಮೇಲೆ ಬರೆದಿರುವ ವೋಲ್ಟೇಜು, ಪ್ಲಸ್-ಮೈನಸ್ ನೋಡದೆ ಚುಚ್ಚಬೇಡಿ.

ಕರೆಂಟಿನಲ್ಲೇ ನಡೆಸಬೇಕೆಂದರೆ ಕಬ್ಬಿಣದ ಟ್ರಾನ್ಸ್‌ಫಾರ್ಮರಿನ ಹಳೇ ನಮೂನೆಯ ಸಪ್ಲೈ ಮಾಡಿಕೊಳ್ಳಿ: 15 ವೋಲ್ಟ್ 1 ಆಂಪ್ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, 2200 ಮೈಕ್ರೋಫ್ಯಾರಡ್ 35 ವೋಲ್ಟ್ ಕಪಾಸಿಟರ್, ಹೀಟ್‌ಸಿಂಕ್ ಸಮೇತ 7812 (12 ವೋಲ್ಟಿಗೆ ನಿಲ್ಲಿಸುವ ರೆಗ್ಯುಲೇಟರ್ ಐಸಿ), ಅದರ ಒಳಗೂ ಹೊರಗೂ 0.1 ಮೈಕ್ರೋಫ್ಯಾರಡ್. ಪುಸ್ತಕಗಳಲ್ಲಿ 12 ವೋಲ್ಟ್ ಟ್ರಾನ್ಸ್‌ಫಾರ್ಮರೂ ಸಾಕೆಂದು ಇರಬಹುದು, ನಮ್ಮ ಹಳ್ಳಿಗಳಿಗೆ ಸಾಲದು. ಪಂಪ್‌ಸೆಟ್ಟುಗಳು ಒಟ್ಟಿಗೆ ಓಡಿ ಲೈನು 190 ವೋಲ್ಟಿಗೆ ಕುಸಿದರೆ 12 ವೋಲ್ಟಿನದು 10ಕ್ಕಿಂತ ಕೆಳಗೆ ಇಳಿಯುತ್ತದೆ. ಡಯೋಡು ದಾಟಿ ಕಪಾಸಿಟರಿನಲ್ಲಿ ಉಳಿಯುವುದು 12.6ರಷ್ಟು. 7812ಕ್ಕೆ ತನ್ನ ಮೇಲೆ ಇನ್ನೂ ಎರಡು ವೋಲ್ಟ್ ಬೇಕು, ಸಿಗದಿದ್ದರೆ 100 ಹರ್ಟ್ಸ್ ಜರ್ರ್ ನೇರವಾಗಿ ಹೊರಬೀಳುತ್ತದೆ. 15 ವೋಲ್ಟಿನದಾದರೆ ಅದೇ 190ರಲ್ಲೂ ಕಪಾಸಿಟರಿನಲ್ಲಿ 16 ವೋಲ್ಟ್ ಇರುತ್ತದೆ, 300 ಮಿಲಿಆಂಪಿಗೆ ಏರಿಳಿತ ಕಳೆದು ಹದಿನಾಲ್ಕೂವರೆ. ಲೈನು ಸರಿಯಿರುವಾಗ ಎರಡು ಚಿಲ್ಲರೆ ವಾಟ್ ಬಿಸಿಯಾಗುತ್ತದೆ. ನಮ್ಮ ಏಪ್ರಿಲ್-ಮೇ ಸೆಕೆಯಲ್ಲಿ ಚಿಕ್ಕ ಹೀಟ್‌ಸಿಂಕ್ ಸಾಲದು, ಅಂಗೈ ಅಗಲದ್ದು ಹಾಕಿ.

ಫೆರೈಟ್ ಹಾಕಿದರೆ ಹಮ್ ಹೋಗುತ್ತದೆಯೇ?

ಹೋಗುವುದಿಲ್ಲ. ಫೆರೈಟ್ (ವೈರಿಗೆ ತೊಡಿಸುವ ಕಪ್ಪು ಮಣಿ) ತಡೆಯುವುದು ರೇಡಿಯೊ ಆವರ್ತನದ ಗದ್ದಲವನ್ನು. 50 ಹರ್ಟ್ಸಿಗೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಅಡಾಪ್ಟರಿನ ಡಿಸಿ ವೈರು, ಯುಎಸ್‌ಬಿ ವೈರು, ಆಡಿಯೊ ವೈರು ಆಂಟೆನಾದಂತೆ ವರ್ತಿಸಿ ಗದ್ದಲ ಹರಡುತ್ತಿದ್ದರೆ ಮಾತ್ರ ಹಾಕಿ. 31 ಅಥವಾ 43 ಸಂಖ್ಯೆಯ ಮಿಶ್ರಣ 300 ಮೆಗಾಹರ್ಟ್ಸ್‌ವರೆಗೆ ಸೂಕ್ತ, ಅದರ ಮೇಲಕ್ಕೆ 61. ಹಳೆಯ ಮಾನಿಟರ್ ಕೇಬಲ್ಲಿನ ತುದಿಯ ಉಬ್ಬನ್ನು ಬ್ಲೇಡಿನಿಂದ ಸೀಳಿದರೂ ಒಂದು ಸಿಗುತ್ತದೆ, ಸಂಖ್ಯೆ ಯಾವುದೆಂದು ಗೊತ್ತಾಗುವುದಿಲ್ಲ ಅಷ್ಟೆ.

ವೈರನ್ನು ಸುಮ್ಮನೆ ತೂರಿಸಿದರೆ ಸಾಲದು, ಮೂರು ಸುತ್ತು ಹಾಕಿ. ಮೂರು ಸುತ್ತಿಗೆ ಮೂರರಷ್ಟಲ್ಲ, ಸುಮಾರು ಒಂಬತ್ತರಷ್ಟು ತಡೆ. ಗದ್ದಲ ಹುಟ್ಟುವ ಉಪಕರಣಕ್ಕೆ ಅಂಟಿಕೊಂಡಂತೆ ಹಾಕಿ. ಕ್ಲಿಪ್ ಬಗೆಯದರಲ್ಲಿ ಎರಡು ಹೋಳುಗಳ ನಡುವೆ ಧೂಳು ಕೂತು ಕೂದಲೆಳೆಯಷ್ಟು ಸಂದು ಬಿಟ್ಟರೂ ಕೆಲಸ ಕೆಡುತ್ತದೆ.

ಆಂಟೆನಾ ಹಾಕಿದಾಗ ಮಾತ್ರ ಗದ್ದಲ. ಮನೆಯೊಳಗಿನದೋ ಹೊರಗಿನದೋ?

ಸ್ಕ್ಯಾನರನ್ನು ಬ್ಯಾಟರಿಗೆ ಹಾಕಿ, ಎಎಂಗೆ ತಿರುಗಿಸಿ, ಸ್ಕ್ವೆಲ್ಚ್ ತೆರೆಯಿರಿ. ಎಫ್‌ಎಂನಲ್ಲಿ ಹುಡುಕಬೇಡಿ, ಅದರ ಲಿಮಿಟರ್ ಏರಿಳಿತವನ್ನು ಮುಚ್ಚಿಡುತ್ತದೆ. ಈಗ ಮನೆಯ ಮೇನ್ ಆಫ್ ಮಾಡಿ. ಇನ್ವರ್ಟರನ್ನೂ ಆಫ್ ಮಾಡಲು ಮರೆಯಬೇಡಿ: ಮೇನ್ ಹೋದ ಕೂಡಲೇ ಅದು ಏಳುತ್ತದೆ, ಸ್ಕ್ವೇರ್ ವೇವ್ ಇನ್ವರ್ಟರಾದರೆ ಅದೇ ದೊಡ್ಡ ಗದ್ದಲಗಾರ. ಎರಡೂ ಆಫ್ ಆದಾಗ ಶಾಂತವಾದರೆ ಕಳ್ಳ ಮನೆಯೊಳಗೇ ಇದ್ದಾನೆ. ಎಂಸಿಬಿಗಳನ್ನೆಲ್ಲ ಇಳಿಸಿ, ಮೇನ್ ಆನ್ ಮಾಡಿ, ಅವನ್ನು ಒಂದೊಂದಾಗಿ ಮೇಲೆತ್ತಿ.

ಸಾಮಾನ್ಯವಾಗಿ ಸಿಕ್ಕಿಬೀಳುವುದು ಫಿಲ್ಟರ್ ಇಲ್ಲದ ಅಗ್ಗದ ಎಲ್‌ಇಡಿ ಬಲ್ಬು, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ತಿರುಗಿಸುವ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್. ಹಂತ ಹಂತವಾಗಿ ಟಕ್ ಅನ್ನುವ ಕಂಡೆನ್ಸರ್ ರೆಗ್ಯುಲೇಟರ್ ಹಾಕಿಸಿದರೆ ಫ್ಯಾನಿನ ಕಾಟ ಮುಗಿಯುತ್ತದೆ. ಮಿಕ್ಸಿಯ ಬ್ರಷ್ ಕಿಡಿಗೆ ಮದ್ದು ಹುಡುಕಬೇಡಿ, ಚಟ್ನಿ ಆಗುವವರೆಗೆ ಕಾಯಿರಿ. 125 ಮೆಗಾಹರ್ಟ್ಸಿನಲ್ಲಿ ಮೊಳೆ ಹೊಡೆದಂತೆ ನಿಂತ ಒಂದೇ ಸಿಗ್ನಲ್ ಕಂಡರೆ ಇಂಟರ್ನೆಟ್ ರೌಟರಿನ ಕೇಬಲ್ ನೋಡಿ: ಅದರ 25 ಮೆಗಾಹರ್ಟ್ಸ್ ಕ್ರಿಸ್ಟಲಿನ ಐದನೇ ಗುಣಕ ಅಲ್ಲಿಗೇ ಬರುತ್ತದೆ.

ಮೇನ್ ಆಫ್ ಮಾಡಿದರೂ ಹೋಗಲಿಲ್ಲ. ಹೊರಗಿನದನ್ನು ಹೇಗೆ ಹುಡುಕುವುದು?

ಒಂದು ವಾರ ಗದ್ದಲ ಬರುವ ಹೋಗುವ ಹೊತ್ತನ್ನು ಬರೆದಿಡಿ. ಅರ್ಧ ಉತ್ತರ ಅದರಲ್ಲೇ ಇರುತ್ತದೆ. ಬಿಸಿಲೇರಿದಾಗ ಶುರುವಾಗಿ ಹೊತ್ತು ಮುಳುಗುವಾಗ ನಿಂತರೆ ಸೋಲಾರ್ ಪಂಪಿನ ಕಂಟ್ರೋಲರ್ ಅಥವಾ ಚಾವಣಿ ಸೋಲಾರಿನ ಇನ್ವರ್ಟರ್. ದೀಪ ಹಚ್ಚುವ ಹೊತ್ತಿಗೆ ಶುರುವಾದರೆ ಬೀದಿದೀಪ. ಪಾಳಿಯ ಲೆಕ್ಕದಲ್ಲಿ ಬಂದರೆ ಮಿಲ್ಲಿನ ವೇಗ ನಿಯಂತ್ರಿಸುವ ಡ್ರೈವು. ಬಳ್ಳಾರಿಯ ಜೀನ್ಸ್ ಹೊಲಿಗೆ ಮನೆಗಳ ಪಕ್ಕದಲ್ಲಿರುವವರಿಗೆ ಒಂದು ಮಾತು: ಹಳೆಯ ಕ್ಲಚ್ ಮೋಟಾರಿನಲ್ಲಿ ಕಿಡಿ ಇಲ್ಲ, ಅದು ಅಷ್ಟು ಕಾಡುವುದಿಲ್ಲ, ಸರ್ವೋ ಮೋಟಾರಿನ ಡಬ್ಬಿ ಹೊಲಿಯದೆ ಸುಮ್ಮನಿದ್ದಾಗಲೂ ಸ್ವಿಚ್ ಆನ್ ಇದ್ದರೆ ಗದ್ದಲ ಮಾಡಬಲ್ಲದು.

ಹಗಲೂ ರಾತ್ರಿ ಜರ್ರ್ ಅನ್ನುತ್ತಿದ್ದು ಒಂದು ಮಳೆ ಬಿದ್ದೊಡನೆ ನಿಂತರೆ ಕಂಬದ ಮೇಲೆ ಎಲ್ಲೋ ಬೋಲ್ಟು ಅಥವಾ ಬೈಂಡಿಂಗ್ ತಂತಿ ಸಡಿಲಾಗಿದೆ. ಒಣಗಿದಾಗ ಆ ಸಂದಿನಲ್ಲಿ ಕಿಡಿ ಹಾರುತ್ತದೆ, ನೆಂದಾಗ ನೀರು ಸಂದನ್ನು ಕೂಡಿಸುತ್ತದೆ. ತದ್ವಿರುದ್ಧವಾಗಿ ಇಬ್ಬನಿಯಲ್ಲಿ, ತುಂತುರಿನಲ್ಲಿ ಹೆಚ್ಚಾದರೆ ಇನ್ಸುಲೇಟರಿನ ಮೇಲೆ ಧೂಳು ಅಥವಾ ಬಿರುಕು. ಗಣಿ ಧೂಳು, ಬೂದಿ ಹಾರುವ ಕಡೆ ಇದು ಸಹಜ.

ಹುಡುಕಲು ಬ್ಯಾಟರಿಯ ಸಣ್ಣ ಮೀಡಿಯಂ ವೇವ್ ರೇಡಿಯೊ ಹಿಡಿದು ಲೈನಿನ ಗುಂಟ ನಡೆಯಿರಿ. ಗದ್ದಲ ಹೆಚ್ಚಾದ ಕಡೆ ಸ್ಕ್ಯಾನರನ್ನು ಎಎಂನಲ್ಲಿ 120ಕ್ಕೆ, ಆಮೇಲೆ 300 ಮೆಗಾಹರ್ಟ್ಸಿಗೆ ಏರಿಸಿ. ಆವರ್ತನ ಏರಿದಷ್ಟೂ ಗದ್ದಲ ದೂರ ಹೋಗಲಾರದು. 300ರಲ್ಲೂ ಕೇಳುತ್ತಿದ್ದರೆ ಆ ಕಂಬದ ಹತ್ತಿರವೇ ನಿಂತಿದ್ದೀರಿ. ಕಂಬ ಗುದ್ದಬೇಡಿ, ಸ್ಟೇ ತಂತಿ ಅಲ್ಲಾಡಿಸಬೇಡಿ. ಸಡಿಲಾದದ್ದು ಮೈಮೇಲೆ ಬೀಳಬಹುದು. ಕಂಬದ ಅಥವಾ ಟಿಸಿಯ (ಬೀದಿಯ ಟ್ರಾನ್ಸ್‌ಫಾರ್ಮರಿನ) ನಂಬರ್ ಬರೆದುಕೊಂಡು ಜೆಸ್ಕಾಂನ 1912ಕ್ಕೆ ದೂರು ಕೊಡಿ. ರೇಡಿಯೊದಲ್ಲಿ ಗದ್ದಲ ಅಂದರೆ ಯಾರಿಗೂ ಅವಸರ ಇರುವುದಿಲ್ಲ. ಕಂಬದಲ್ಲಿ ಕಿಡಿ ಬರುತ್ತಿರುವ ಶಂಕೆ ಇದೆ ಎಂದು ಹೇಳಿ, ಅದು ಸುಳ್ಳೂ ಅಲ್ಲ.

ಬೇಸಿಗೆಯಲ್ಲಿ ಗದ್ದಲ ಹೆಚ್ಚು, ಮಳೆಗಾಲದಲ್ಲಿ ಮನೆಯೊಳಗಿನ ಹಮ್ ಕೂಡ ಕಡಿಮೆ. ಯಾಕೆ?

ಎರೆ ಭೂಮಿಯ ಮಹಿಮೆ. ಎರೆ ಮಣ್ಣು ಹಸಿಯಿದ್ದಾಗ ಅರ್ಥಿಂಗಿಗೆ ಬಹಳ ಒಳ್ಳೆಯದು. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ, ಬಿರಿದು, ಅರ್ಥ್ ಪೈಪಿನ ಸುತ್ತ ಬೆರಳು ತೂರುವಷ್ಟು ಜಾಗ ಬಿಡುತ್ತದೆ. ಪೈಪ್ ನೆಲದಲ್ಲಿದ್ದರೂ ನೆಲಕ್ಕೆ ತಾಗಿರುವುದಿಲ್ಲ. ಮಾರ್ಚಿನಿಂದ ವಾರಕ್ಕೆರಡು ಸಲ ಎರಡು ಬಕೆಟ್ ನೀರು ಹೊಯ್ಯಿರಿ, ಬಿರುಕಿಗೆ ಇದ್ದಿಲು-ಉಪ್ಪು ಬೆರೆಸಿದ ಮಣ್ಣು ತುಂಬಿಸಿ. ಸಾಕೆಟ್ಟಿನಲ್ಲಿ ಫೇಸ್‌ಗೂ ಅರ್ಥಿಗೂ ನಡುವಿನ ವೋಲ್ಟೇಜು ಫೇಸ್-ನ್ಯೂಟ್ರಲ್ ವೋಲ್ಟೇಜಿನಷ್ಟೇ ಇರಬೇಕು. ನ್ಯೂಟ್ರಲ್-ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚಿರಬಾರದು. ಮೀಟರ್ ಹಿಡಿದು ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್ ಕರೆಸಿ.

ಬೇರೆ ಚಾನಲ್ಲಿನಲ್ಲಿ ಎಫ್‌ಎಂ ಹಾಡು ಕೇಳುತ್ತದೆ. ಇದೂ ಕರೆಂಟಿನ ಗದ್ದಲವೇ?

ಅಲ್ಲ, ಆದರೆ ಮುದ್ರಣ ಕೆಡಿಸುವುದಂತೂ ನಿಜ. ಹಲವು ಸ್ಕ್ಯಾನರುಗಳ ಐಎಫ್ (ಬಂದ ಸಿಗ್ನಲ್ಲನ್ನು ಒಳಗೆ ಇಳಿಸಿಕೊಳ್ಳುವ ಆವರ್ತನ) 10.7 ಮೆಗಾಹರ್ಟ್ಸ್. ಅಂಥವು ಟ್ಯೂನ್ ಮಾಡಿದ ಜಾಗದಿಂದ ಅದರ ಎರಡರಷ್ಟು, ಅಂದರೆ 21.4 ಮೆಗಾಹರ್ಟ್ಸ್ ಆಚೆ ಇರುವುದನ್ನೂ ಎಳೆದುಕೊಳ್ಳುತ್ತವೆ. ಉದಾಹರಣೆಗೆ, 121.5ರಿಂದ 21.4 ಕಳೆದರೆ 100.1, ಎಫ್‌ಎಂ ಪ್ರಸಾರದ ನಡುಮಧ್ಯ.

ಆಂಟೆನಾ ದಾರಿಯಲ್ಲಿ ಒಂದು ಟಿ ಕನೆಕ್ಟರ್ ಹಾಕಿ, ಅದರ ಮೂರನೇ ಬಾಯಿಗೆ ಆರ್‌ಜಿ 58 ಕೇಬಲ್ಲಿನ ತುಂಡು ಜೋಡಿಸಿ, ಇನ್ನೊಂದು ತುದಿ ತೆರೆದೇ ಬಿಡಿ. 100 ಮೆಗಾಹರ್ಟ್ಸಿಗೆ ಕಾಲು ಅಲೆ 75 ಸೆಂಟಿಮೀಟರ್. ಈ ಕೇಬಲ್ಲಿನಲ್ಲಿ ಅಲೆ ಬೆಳಕಿನ ವೇಗದ 0.66ರಷ್ಟೇ ಓಡುವುದರಿಂದ 49.5 ಸೆಂಟಿಮೀಟರ್ ಸಾಕು. 53ಕ್ಕೆ ಕತ್ತರಿಸಿ, ಕಾಡುವ ಸ್ಟೇಷನ್ ಕೇಳುತ್ತಾ ಅರ್ಧರ್ಧ ಸೆಂಟಿಮೀಟರ್ ಕತ್ತರಿಸುತ್ತಾ ಬನ್ನಿ. ಒಳತಂತಿಗೂ ಜಾಲರಿಗೂ ತುದಿಯಲ್ಲಿ ತಾಗದಂತೆ ನೋಡಿಕೊಳ್ಳಿ. ಇದೇ ತುಂಡು 300ರ ಸುತ್ತಲೂ ಸಿಗ್ನಲ್ ನುಂಗುತ್ತದೆ, ಆ ಪಟ್ಟಿ ಬೇಕಾದಾಗ ತೆಗೆದಿಡಿ.

ರೆಕಾರ್ಡರಿನ ಸೆಟ್ಟಿಂಗ್ ಏನಿರಬೇಕು? ಸಾಫ್ಟ್‌ವೇರಿನಲ್ಲಿ ತೆಗೆದರೆ ಸಾಲದೇ?

ಮೊನೊ, 16 ಬಿಟ್, 22,050 ಹರ್ಟ್ಸ್. ವೇವ್ ಫೈಲ್ ಗಂಟೆಗೆ 159 ಎಂಬಿ ಆಗುತ್ತದೆ. 64 ಕೆಬಿಪಿಎಸ್ ಎಂಪಿ3 ಆದರೆ 29. ಮಾತಿನ ಶಿಖರ ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ಇರಲಿ. ತಾನೇ ಮಟ್ಟ ಹೊಂದಿಸುವ ಎಜಿಸಿ ಇದ್ದರೆ ಆಫ್ ಮಾಡಿ. ಮಾತು ನಿಂತ ಕೂಡಲೇ ಅದು ಗೇನ್ ಏರಿಸಿ, ಅಡಗಿದ್ದ ಹಮ್ಮನ್ನು ಎಬ್ಬಿಸಿ ಕೂರಿಸುತ್ತದೆ.

ಆಡಾಸಿಟಿ ಸಾಫ್ಟ್‌ವೇರಿನಲ್ಲಿ 250 ಹರ್ಟ್ಸ್ ಹೈಪಾಸ್ (ಅದರ ಕೆಳಗಿನದನ್ನು ಕತ್ತರಿಸುವುದು), 3,400 ಲೋಪಾಸ್ (ಅದರ ಮೇಲಿನದನ್ನು ಕತ್ತರಿಸುವುದು), ಎರಡಕ್ಕೂ 24 ಡಿಬಿ ಇಳಿಜಾರು ಕೊಟ್ಟರೆ 50 ಮತ್ತು 100ರ ಗುಂಯ್ ಬಹುಮಟ್ಟಿಗೆ ಹೋಗುತ್ತದೆ. ಆದರೆ ಜರ್ರ್‌ನ ಹಲ್ಲುಗಳು 300, 400, 500 ಎಂದು ಮಾತಿನ ಮಧ್ಯೆಯೇ ಕೂತಿರುತ್ತವೆ. ಅವನ್ನು ಕೀಳಲು ಹೋದರೆ ಮಾತೂ ಕಿತ್ತು ಬರುತ್ತದೆ. ನಾಯ್ಸ್ ರಿಡಕ್ಷನ್ ಬಳಸುವುದಾದರೆ ಬರೀ ಗದ್ದಲವಿರುವ ಎರಡು ಸೆಕೆಂಡಿನ ಮಾದರಿ ಕೊಟ್ಟು 6ರಿಂದ 9 ಡಿಬಿಗೆ ನಿಲ್ಲಿಸಿ. 20ಕ್ಕೆ ಎಳೆದರೆ ಬಾವಿಯೊಳಗಿಂದ ಮಾತಾಡಿದಂತೆ ಆಗುತ್ತದೆ. ಮೂಲ ಫೈಲ್ ಅಳಿಸಬೇಡಿ.

ಬಾಹ್ಯಾಕಾಶ ನಿಲ್ದಾಣ 145.800 ಮೆಗಾಹರ್ಟ್ಸಿನಲ್ಲಿ ಧ್ವನಿಯ ರೂಪದಲ್ಲಿ ಚಿತ್ರ ಕಳಿಸುವ ದಿನಗಳಲ್ಲಿ ಮುದ್ರಿಸುವವರು ಸ್ಕ್ವೆಲ್ಚ್ ಪೂರ್ತಿ ತೆರೆದಿಡಿ. ನಡುವೆ ಒಂದು ಸಲ ಮುಚ್ಚಿಕೊಂಡರೂ ಚಿತ್ರದಲ್ಲಿ ಒಂದು ಪಟ್ಟಿ ಹೋಯಿತು. ಚಿತ್ರದ ಸ್ವರಗಳು 1,200ರಿಂದ 2,300 ಹರ್ಟ್ಸ್ ಒಳಗೇ ಇರುವುದರಿಂದ ಅಲ್ಲಿ 1,000ದ ಕೆಳಗಿನದನ್ನೆಲ್ಲ ಧೈರ್ಯವಾಗಿ ಕತ್ತರಿಸಬಹುದು. ಒಂದು ಹಾರಾಟ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಅಷ್ಟು ಹೊತ್ತು ಎಲ್ಲವನ್ನೂ ಬ್ಯಾಟರಿಯಲ್ಲಿ ಇಡುವುದೇ ಸರಿ.

ಸ್ಕ್ಯಾನರ್ ಇಟ್ಟುಕೊಳ್ಳಲು, ಮುದ್ರಿಸಲು ಅನುಮತಿ ಬೇಕೇ?

ಬೇಕು. ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳಲು ಲೈಸೆನ್ಸ್ ಬೇಕೆಂಬುದು 1933ರ ಕಾಯ್ದೆಯಿಂದಲೂ ಇದೆ, ಅದರ ಜಾಗಕ್ಕೆಂದು 2023ರ ದೂರಸಂಪರ್ಕ ಕಾಯ್ದೆಯನ್ನು ತಂದಿದ್ದಾರೆ. ಹ್ಯಾಮ್ ಪರೀಕ್ಷೆ ಬರೆದು 144ರಿಂದ 146 ಮೆಗಾಹರ್ಟ್ಸಿನ ಹವ್ಯಾಸಿ ಪಟ್ಟಿ ಕೇಳುವುದು ನೇರ ದಾರಿ. ಪೊಲೀಸ್ ಮುಂತಾದ ಇಲಾಖೆಗಳ ಮಾತು ಕೇಳುವುದು, ಮುದ್ರಿಸುವುದು, ಹಂಚುವುದು ಅಪರಾಧ. ಆ ಬಗೆಯ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿಲ್ಲ.

ಮಳೆ ಮೋಡ ಕಟ್ಟಿದಾಗ ಚಟಪಟ ಶಬ್ದ ಬರುತ್ತದೆ. ಯಾವ ಫಿಲ್ಟರ್ ಹಾಕಲಿ?

ಅದು ಮಿಂಚು, ಫಿಲ್ಟರ್ ಇಲ್ಲ. ಚಟಪಟ ಎಣಿಸಲು ಆಗದಷ್ಟು ಬೇಗ ಬರತೊಡಗಿದರೆ, ಗುಡುಗು ಇನ್ನೂ ದೂರದಲ್ಲಿರುವಾಗಲೇ, ಮುದ್ರಣ ನಿಲ್ಲಿಸಿ, ಆಂಟೆನಾ ಕೇಬಲ್ ಬಿಚ್ಚಿ ಕಿಟಕಿಯ ಹೊರಗೆ ಹಾಕಿ, ಅಡಾಪ್ಟರನ್ನು ಗೋಡೆಯಿಂದ ಕೀಳಿ. ಗುಡುಗು ಮನೆಯ ಮೇಲೆಯೇ ಬಂದಿದ್ದರೆ ಆ ಕೇಬಲ್ಲನ್ನು ಮುಟ್ಟಲೇಬೇಡಿ.